ಸಹಾಯ ಬೇಕು: ಲಿಯೋನ್‌ನಲ್ಲಿದ್ದೂ ಫ್ರೆಂಚ್ ಮಾತಾಡಲು ಜನ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು. ಒಂದು ವರ್ಷದ ಓದಿಗೆ ಅಂತ ಫ್ರಾನ್ಸಿನ ಲಿಯೋನ್‌ಗೆ ಬಂದು ಮೂರು ವಾರ ಆಯಿತು. ವೀಸಾ ಆನ್‌ಲೈನ್‌ನಲ್ಲಿ ವ್ಯಾಲಿಡೇಟ್ ಮಾಡಿಸಿದ್ದೇನೆ (ಬಂದ 3 ತಿಂಗಳೊಳಗೆ ಮಾಡಲೇಬೇಕಲ್ವಾ). ಕಾಗದಪತ್ರದ ತಲೆನೋವಿಲ್ಲ. ತಲೆನೋವು ಮಾತಿನದು.

ಊರಲ್ಲಿ ಫ್ರೆಂಚ್ ಭಾಷೆಯ ಬಿ1 (ಮಧ್ಯಮ ಹಂತದ) ಪರೀಕ್ಷೆ ಪಾಸು ಮಾಡಿ ಬಂದವಳು ನಾನು. ಮೊದಲ ದಿನ ಬೇಕರಿಯಲ್ಲಿ ನೇರವಾಗಿ "ಒಂದು ಬಗೆಟ್ ಕೊಡಿ" ಅಂದೆ. ಅಂಗಡಿಯಾಕೆ ನನ್ನನ್ನೇ ನೋಡುತ್ತಾ ನಿಧಾನವಾಗಿ "ಬೊಂಜೂರ್" (ನಮಸ್ಕಾರ) ಅಂದರು. ನಾನೂ ಬೊಂಜೂರ್ ಅಂದ ಮೇಲೆಯೇ ಬ್ರೆಡ್ಡಿಗೆ ಕೈ ಹಾಕಿದ್ದು! ಈಗ ಬಾಗಿಲು ತಳ್ಳುವಾಗಲೇ ಹೇಳಿಬಿಡುತ್ತೇನೆ. ಆದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಸ್ವಲ್ಪ ತಡವರಿಸಿದರೂ ಎದುರಿನವರು ಇಂಗ್ಲಿಷ್ ಶುರು ಮಾಡುತ್ತಾರೆ. ಹಾಸ್ಟೆಲಿನಲ್ಲಂತೂ ನಮ್ಮವರೇ ಜಾಸ್ತಿ. ಸಂಜೆಯಾದರೆ ಕನ್ನಡ, ಹಿಂದಿ, ಅನ್ನ-ಸಾರು.

ಇಲ್ಲಿ ಓದಿದವರು ಹೇಳಿ: ಫ್ರೆಂಚ್ ಕುಟುಂಬದ ಮನೆಯಲ್ಲಿ ರೂಮು ಹಿಡಿಯಲಾ? ನಾನು ಮೊಟ್ಟೆಯನ್ನೂ ತಿನ್ನುವುದಿಲ್ಲ. ಹಂದಿ ಮಾಂಸದ ಬುಶೋಂ (ಇಲ್ಲಿನ ಸಾಂಪ್ರದಾಯಿಕ ಊಟದ) ಹೋಟೆಲುಗಳಿಗೇ ಹೆಸರಾದ ಊರಿದು, ಆ ಮನೆಯವರಿಗೆ ಕಿರಿಕಿರಿ ಆಗುತ್ತಾ? ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಸುಮ್ನೆ ಸೋನ್ ನದಿ ದಂಡೆಯಲ್ಲಿ ಓಡಾಡುತ್ತೇನೆ. ಆ ದಿನ ಸೇರಬಹುದಾದ ಹಾಡಿನ ಗುಂಪು, ಚಾರಣದ ಸಂಘ ಏನಾದರೂ ಗೊತ್ತಿದ್ದರೆ ತಿಳಿಸಿ. ತಿಂಗಳಿಗೆ 20 ಯೂರೋ ಮೀರದಿದ್ದರೆ ಸಾಕು.