ಮನೆಯೊಳಗೆ ಮೊದಲ ಸಲ ಮೆಣಸಿನಗಿಡ, ಯಾವ ತಳಿ ಹಾಕಲಿ? ಶನಿವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಖಾರದ ಮೆಣಸಿನಕಾಯಿ. ತಾರಸಿಯಲ್ಲಲ್ಲ, ಮನೆಯೊಳಗೆ. ಕಿಟಕಿ ಪಕ್ಕ ಅಥವಾ ಲೈಟಿನ ಕೆಳಗೆ. ಉತ್ತರ ಕೊಡುವವರು ನಮ್ಮ ನರ್ಸರಿ ಮೇಡಂ. ತೋಟಗಾರಿಕೆ ಓದಿದವರು, 19 ವರ್ಷದಿಂದ ಸಸಿ ಮಾರುತ್ತಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ರಶ್ಮಿ, ವಿಜಯನಗರ: ಮೇಡಂ, ನಮ್ಮದು ಬಾಡಿಗೆ ಮನೆ. ಓನರ್ ತಾರಸಿಗೆ ಬಿಡುವುದಿಲ್ಲ. ಪೂರ್ವದ ಕಿಟಕಿಗೆ ಬೆಳಿಗ್ಗೆ ಮೂರು ಗಂಟೆ ಬಿಸಿಲು ಬರುತ್ತದೆ. ಬ್ಯಾಡಗಿ ಹಾಕಬೇಕು ಅಂತ ಆಸೆ. ಸಾರಿನ ಪುಡಿಗೂ ಆಗುತ್ತದಲ್ವಾ?

ನರ್ಸರಿ ಮೇಡಂ: ರಶ್ಮಿ ಅವರೇ, ಬ್ಯಾಡಗಿ ಬಯಲಿನ ಗಿಡ. ಕಾಯಿ ಗಿಡದ ಮೇಲೇ ಹಣ್ಣಾಗಿ ಸುಕ್ಕಾಗುವಷ್ಟು ಬಿಸಿಲು ಅದಕ್ಕೆ ಬೇಕು. ಕಿಟಕಿಯಲ್ಲಿ ಅದು ಆಗದ ಮಾತು. ಇನ್ನು ಪುಡಿಯ ಲೆಕ್ಕ ನೋಡಿ. ಒಂದು ಕೆಜಿ ಹಣ್ಣು ಮೆಣಸಿನಕಾಯಿ ಒಣಗಿಸಿದರೆ ಕೈಗೆ ಬರುವುದು 250ರಿಂದ 350 ಗ್ರಾಂ. ಕುಂಡದ ಗಿಡ ಒಂದು ಕೆಜಿ ಕೊಡುವುದಿಲ್ಲ, ಹಿಡಿ ಹಿಡಿ ಕೊಡುತ್ತದೆ. ಪುಡಿಗೆ ಬೇಕಾದ್ದನ್ನು ಅಂಗಡಿಯಲ್ಲಿ ತನ್ನಿ. ಮನೆಯೊಳಗೆ ಬೆಳೆಸಬೇಕಾದ್ದು ಒಗ್ಗರಣೆಗೆ ಆಗಾಗ ನಾಲ್ಕು ಹಸಿಕಾಯಿ ಕೀಳುವಂಥದ್ದು.

ಪೂಸಾ ಜ್ವಾಲಾ ಹಾಕಿ. ಗಿಡ ಕುಳ್ಳ, ಪೊದೆಯಾಗಿ ಬರುತ್ತದೆ, 10 ಇಂಚಿನ ಕುಂಡ ಸಾಕು. ಕಾಯಿ ಬೆರಳುದ್ದ, ಖಾರ ಮನೆಮಂದಿ ತಡೆಯುವಷ್ಟು. ಆದರೆ ಮೂರು ಗಂಟೆ ಬಿಸಿಲು ಸಾಲದು. 20 ವ್ಯಾಟಿನ ಎರಡು ಬಿಳಿ ಎಲ್ಇಡಿ ಟ್ಯೂಬ್ ಗಿಡದ ತುದಿಯಿಂದ ಒಂದು ಗೇಣು ಮೇಲೆ ಕಟ್ಟಿ. ದಿನಕ್ಕೆ 14 ಗಂಟೆ ಉರಿದರೂ ತಿಂಗಳಿಗೆ ಸುಮಾರು 17 ಯೂನಿಟ್‌ನಲ್ಲೇ ಮುಗಿಯುತ್ತದೆ.

ಗುರು, ಹಾವೇರಿ: ಮೇಡಂ, ನಮ್ಮ ಬ್ಯಾಡಗೀನ ಇಷ್ಟು ಹಗುರ ಮಾಡಬ್ಯಾಡ್ರಿ. 2011ರಾಗ ಜಿಐ, ಅಂದ್ರ ಊರಿನ ಹೆಸರಿನ ಸರ್ಕಾರಿ ಗುರುತು, ಸಿಕ್ಕೈತಿ ಅದಕ್ಕ.

ಭಟ್ರು, ಶಿರಸಿ: ಜಿಐ ಸಿಕ್ಕರೆ ಖಾರ ಬರುತ್ತದೆಯೇ? ಬ್ಯಾಡಗಿ ಬರೀ ಬಣ್ಣ. ನಮ್ಮ ಜೀರಿಗೆ ಮೆಣಸು ಒಂದು ಸಾಕು ಇಡೀ ಪಾತ್ರೆ ಅಪ್ಪೆಹುಳಿಗೆ.

ಗುರು, ಹಾವೇರಿ: ಬಣ್ಣಕ್ಕಂತನ ಬೆಳಿಯೋದು ಭಟ್ರ. ಬ್ಯಾಡಗಿ ಎಣ್ಣಿ ತಗದು ಲಿಪ್‌ಸ್ಟಿಕ್ಕಿಗೂ ಹಾಕ್ತಾರ. ನಿಮ್ಮ ಜೀರಿಗಿ ಮೆಣಸು ಯಾವ ಮಾರ್ಕೆಟ್ಟಿನಾಗ ಐತಿ ತೋರಸ್ರಿ.

ಭಟ್ರು, ಶಿರಸಿ: ತಿನ್ನುವ ವಸ್ತುವನ್ನು ತುಟಿಗೆ ಹಚ್ಚುವುದು ನಮ್ಮ ಕಡೆ ಇಲ್ಲ.

ನರ್ಸರಿ ಮೇಡಂ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಭಟ್ರ ಮಾತಿನಲ್ಲಿ ಒಂದು ಉಪಯೋಗದ ವಿಷಯ ಇದೆ. ಜೀರಿಗೆ ಮೆಣಸು (ಕೆಲವರು ಸೂಜಿ ಮೆಣಸು ಅನ್ನುತ್ತಾರೆ, ಕೇರಳದಲ್ಲಿ ಕಾಂತಾರಿ) ಅರೆನೆರಳನ್ನು ತಡೆಯುತ್ತದೆ. ಮಲೆನಾಡಿನಲ್ಲಿ ಕಾಫಿ, ಅಡಿಕೆ ನಡುವೆ ತಾನಾಗಿ ಏಳುತ್ತದೆ. ಹಕ್ಕಿಗೆ ಖಾರ ತಟ್ಟುವುದಿಲ್ಲ. ಅದು ಹಣ್ಣು ನುಂಗಿ ಬೀಜ ಎಲ್ಲೆಲ್ಲೋ ಹಾಕುತ್ತದೆ. ಕುಂಡದಲ್ಲಿ ಎರಡು ಮೂರು ವರ್ಷ ನಿಲ್ಲುವ ಗಿಡ ಅದು. ತೊಂದರೆ ಒಂದೇ, ಬೀಜ ಮೊಳೆಯಲು ಮೂರು ವಾರ ಹಿಡಿಯಬಹುದು. ಮೊದಲ ಸಲ ಬೆಳೆಸುವವರು ಹತ್ತನೇ ದಿನಕ್ಕೇ ಮಣ್ಣು ಕೆದಕಿ ನೋಡುತ್ತಾರೆ. ಮಲೆನಾಡಿನ ನೆಂಟರಿದ್ದರೆ ಸಸಿಯನ್ನೇ ತರಿಸಿಕೊಳ್ಳಿ.

ಮಂಜುಳಾ: ಮನೆಯೊಳಗೆ ಬೆಳೆಸಲು ಯಾವ ತಳಿ ಒಳ್ಳೆಯದು ಮೇಡಂ?

ನರ್ಸರಿ ಮೇಡಂ: ರಶ್ಮಿ ಅವರಿಗೆ ಬರೆದದ್ದನ್ನು ಓದಿ.

ಪ್ರವೀಣ್, ಎಲೆಕ್ಟ್ರಾನಿಕ್ ಸಿಟಿ: ಹಾಯ್ ಮೇಡಂ. ನಮ್ಮದು ಒಂದು ಬಿಎಚ್‌ಕೆ. ಬೆಡ್‌ರೂಮ್ ಮೂಲೆಯಲ್ಲಿ ನೇರಳೆ ಬಣ್ಣದ ಗ್ರೋ ಲೈಟ್ ಹಾಕಿದ್ದೇನೆ. ಆನ್‌ಲೈನಿನಲ್ಲಿ ಕೆರೊಲಿನಾ ರೀಪರ್ 20 ಬೀಜ, ಭೂತ್ ಜೊಲೊಕಿಯಾ 20 ಬೀಜ ತರಿಸಿ ಹಾಕಿದೆ. 11 ದಿನ ಆಯ್ತು, ಒಂದೂ ಮೊಳೆತಿಲ್ಲ. ಕಾಯಿ ಬಂದರೆ ಓವನ್‌ನಲ್ಲಿ ಒಣಗಿಸಿ ಪುಡಿ ಮಾಡಿ ಆಫೀಸಿನವರಿಗೆ ಕೊಡುವ ಪ್ಲಾನ್. ಮನೆಯಲ್ಲಿ ನಾನು, ಹೆಂಡತಿ, 2 ವರ್ಷದ ಮಗಳು. ಹೆಂಡತಿಗೆ ಉಬ್ಬಸ ಇರುವುದರಿಂದ ಕಿಟಕಿ ಜಾಸ್ತಿ ತೆಗೆಯುವುದಿಲ್ಲ. ಗಿಡಕ್ಕೆ ಗಾಳಿ ಸಾಕಾಗುತ್ತದಾ?

ನರ್ಸರಿ ಮೇಡಂ: ಪ್ರವೀಣ್, ಗಿಡದ ಗಾಳಿ ಆಮೇಲೆ. ನಿಮ್ಮ ಮನೆಯವರ ಗಾಳಿಯ ವಿಷಯ ಮೊದಲು ಮಾತಾಡೋಣ.

ನೀವು ಇಟ್ಟಿರುವುದು ಏನು ಅಂತ ಅಂದಾಜು ಇದೆಯಾ? ಬ್ಯಾಡಗಿಯ ಖಾರ ಸ್ಕೋವಿಲ್ ಅಳತೆಯಲ್ಲಿ ಸುಮಾರು 8ರಿಂದ 15 ಸಾವಿರ. ಗುಂಟೂರು 35, 40 ಸಾವಿರ. ಭೂತ್ ಜೊಲೊಕಿಯಾ 2007ರಲ್ಲಿ ಗಿನ್ನೆಸ್ ದಾಖಲೆ ಮಾಡಿದಾಗ 10 ಲಕ್ಷ ದಾಟಿತ್ತು. ರೀಪರ್ ಸರಾಸರಿ 16 ಲಕ್ಷ. ಬ್ಯಾಡಗಿ ಹುರಿದರೇ ಮನೆಮಂದಿ ಎಲ್ಲಾ ಕೆಮ್ಮುತ್ತೀರಿ ಅಲ್ವಾ? ಅದರ ನೂರು ಪಟ್ಟನ್ನು ಕಿಟಕಿ ಮುಚ್ಚಿದ ಮನೆಯಲ್ಲಿ, ಓವನ್‌ನಲ್ಲಿ, ಉಬ್ಬಸ ಇರುವವರ ಹತ್ತಿರ ಒಣಗಿಸುತ್ತೀರಾ? ಮಿಕ್ಸಿಗೆ ಹಾಕಿದ ಮೇಲೆ ಏಳುವ ಪುಡಿ ಇನ್ನೂ ಕೆಟ್ಟದ್ದು. ಅದು ಹಾಸಿಗೆ, ದಿಂಬು, ಪರದೆ ಎಲ್ಲದರ ಮೇಲೂ ಕೂರುತ್ತದೆ. ಬೇಡ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಮಗಳ ವಿಷಯ. ಹಣ್ಣಾದ ರೀಪರ್ ಕೆಂಪಗೆ, ಉಬ್ಬುಬ್ಬಾಗಿ, ಬಾಲ ಇಟ್ಟುಕೊಂಡು ಆಟದ ಸಾಮಾನಿನ ಹಾಗೆ ಕಾಣುತ್ತದೆ. ಎರಡು ವರ್ಷದ ಮಗು ಅದನ್ನು ಹಿಸುಕುತ್ತದೆ, ಅದೇ ಕೈಯಲ್ಲಿ ಕಣ್ಣು ಉಜ್ಜುತ್ತದೆ. ಖಾರ ಬೀಜದಲ್ಲಿದೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿದೆ. ಕಾಯಿ ಒಡೆದರೆ ಸಾಕು. ಬರೀ ನೀರಿಗೆ ಹೋಗುವುದಿಲ್ಲ. ಕೈಗೆ ಮೊದಲು ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು. ಕಣ್ಣಿಗೆ ಬಿದ್ದರೆ ಮಾತ್ರ ಎಣ್ಣೆ ಗಿಣ್ಣೆ ಏನೂ ಬೇಡ, ಧಾರಾಳ ನೀರು ಬಿಟ್ಟು ತೊಳೆದು ಡಾಕ್ಟರ್ ಹತ್ತಿರ ಹೋಗಿ.

ಈಗ ಬೀಜ. ಈ ಎರಡೂ ತಳಿ ಮೊಳೆಯಲು ಎರಡರಿಂದ ನಾಲ್ಕು ವಾರ ಬೇಕು, ಮಣ್ಣು 27, 28 ಡಿಗ್ರಿ ಬೆಚ್ಚಗಿರಬೇಕು. 11 ದಿನ ಏನೂ ಅಲ್ಲ. ಮೊಳೆತರೂ ಹಣ್ಣು ಕಾಣಲು ಐದಾರು ತಿಂಗಳು. ಗಿಡ ಎದೆಮಟ್ಟ ಬರುತ್ತದೆ, 40 ಬೀಜದಲ್ಲಿ ಅರ್ಧ ಎದ್ದರೂ ನೀವು ಮಲಗುವುದು ಎಲ್ಲಿ? ಮೊದಲ ಗಿಡ ಬೇಗ ಕಾಯಿ ಕೊಡಬೇಕು. ಆಗಲೇ ಎರಡನೇ ಗಿಡಕ್ಕೆ ಮನಸ್ಸು ಬರುವುದು. ನನ್ನ ಹತ್ತಿರ ಬರುವ ಹುಡುಗರು ಖಾರದ ನಂಬರ್ ನೋಡಿ ತಳಿ ಆರಿಸುತ್ತಾರೆ. ನೋಡಬೇಕಾದ್ದು ಬೆಳಕು ಎಷ್ಟು, ಕುಂಡ ಎಷ್ಟು, ಮನೆಯಲ್ಲಿ ತಿನ್ನುವವರು ಯಾರು ಅಂತ.

ನಿಮಗೆ ನನ್ನ ಸಲಹೆ: ಬೀಜ ಹಾಕಿದ ಟ್ರೇಯನ್ನು ಮಗುವಿಗೆ ಸಿಗದ ಜಾಗಕ್ಕೆ ಸಾಗಿಸಿ. ಜ್ವಾಲಾ ಎರಡು ಗಿಡ, ಲೈಟಿನ ಸಮೇತ ಹಾಲ್‌ನಲ್ಲಿ, ಎತ್ತರದಲ್ಲಿ. ಅದೂ ಮಗುವಿನ ಕೈಗೆ ಎಟುಕಬಾರದು. ನೇರಳೆ ಲೈಟ್ ತೆಗೆದು ಬಿಳಿ ಹಾಕಿ. ನೇರಳೆಯಲ್ಲಿ ಎಲೆ ಹಳದಿಯೋ ಹಸಿರೋ ಗೊತ್ತಾಗುವುದಿಲ್ಲ, ಹುಳ ಕಾಣುವುದಿಲ್ಲ. ಮಗು ಮಲಗುವ ಕೋಣೆಯಲ್ಲಿ 14 ಗಂಟೆ ಲೈಟ್ ಯಾಕೆ ಬೇಕು?

ಸುಜಾತ: ಅಯ್ಯೋ, ನಮ್ಮ ಮನೆಯವರು ಪೆಪ್ಪರ್ ಎಕ್ಸ್ ಬೀಜ ತರಿಸಿದ್ದಾರೆ. ರೀಪರ್‌ಗಿಂತ ಖಾರವಂತೆ.

ನರ್ಸರಿ ಮೇಡಂ: ಅದು 2023ರ ದಾಖಲೆ, 26 ಲಕ್ಷ ದಾಟಿದೆ. ಆದರೆ ಅದನ್ನು ಬೆಳೆಸಿದ ಎಡ್ ಕರಿ ಬೀಜ ಮಾರುವುದಿಲ್ಲ ಅಂತ ಆಗಲೇ ಹೇಳಿದ್ದರು. ನಿಮ್ಮ ಪ್ಯಾಕೆಟ್‌ನಲ್ಲಿ ಏನಿದೆಯೋ ದೇವರಿಗೇ ಗೊತ್ತು. ದಪ್ಪ ಮೆಣಸಿನಕಾಯಿಯೂ ಇರಬಹುದು, ಬಜ್ಜಿ ಮಾಡಿ.

ಕಿರಣ್: ಮೇಡಂ ಹೈಡ್ರೋಪೋನಿಕ್ಸ್‌ನಲ್ಲಿ (ಮಣ್ಣಿಲ್ಲದೆ ಬರೀ ನೀರಲ್ಲಿ) ಆಗುತ್ತಾ? ಪೋಷಕಾಂಶದ ನೀರಿನ ಇಸಿ (ಕರಗಿದ ಲವಣದ ಅಳತೆ) ಎಷ್ಟು ಇಡಬೇಕು?

ಕೃಷ್ಣಮೂರ್ತಿ: *(ಫಾರ್ವರ್ಡ್ ಮಾಡಿದ್ದು)* ಮೆಣಸಿನಗಿಡಕ್ಕೆ ರಾಮಬಾಣ!! 10 ಬೆಂಕಿಕಡ್ಡಿಯ ತಲೆ ಕೆಳಗಾಗಿ ಬುಡದಲ್ಲಿ ಚುಚ್ಚಿ, ಗಂಧಕ ಸಿಗುತ್ತದೆ. ಹುಳಿ ಮಜ್ಜಿಗೆಗೆ ಇಂಗು ಬೆರೆಸಿ ಸಿಂಪಡಿಸಿ, ಒಂದು ಹೂವೂ ಉದುರುವುದಿಲ್ಲ. ಮೊಟ್ಟೆ ಚಿಪ್ಪು ಹಾಕಿ, 3 ದಿನದಲ್ಲಿ ರಿಸಲ್ಟ್. 20 ಜನರಿಗೆ ಕಳಿಸಿ.

ನರ್ಸರಿ ಮೇಡಂ: ಇದು ಈ ವರ್ಷ ನನಗೆ ಎಷ್ಟನೇ ಸಲ ಬಂದಿದೆಯೋ ಲೆಕ್ಕ ಬಿಟ್ಟಿದ್ದೇನೆ. ಬೆಂಕಿಕಡ್ಡಿ ತಲೆಯಲ್ಲಿ ಗಂಧಕದ ಜೊತೆ ಕ್ಲೋರೇಟ್ ಇರುತ್ತದೆ. ಆ ಜಾತಿಯ ಉಪ್ಪನ್ನು ಕಳೆ ಕೊಲ್ಲಲು ಬಳಸುತ್ತಿದ್ದರು. ಸಣ್ಣ ಕುಂಡಕ್ಕೆ ಹತ್ತು ಕಡ್ಡಿ ಚುಚ್ಚಬೇಡಿ. ಮೊಟ್ಟೆ ಚಿಪ್ಪು ಮಣ್ಣಲ್ಲಿ ಕರಗಲು ತಿಂಗಳುಗಟ್ಟಲೆ ಬೇಕು, ಮೂರು ದಿನದಲ್ಲಿ ಇರುವೆ ಬರುತ್ತದೆ ಅಷ್ಟೇ. ಇಂಗಿನ ಮಜ್ಜಿಗೆ ಹೊಲದಲ್ಲಿ ಹೊಡೆಯುವವರು ಇದ್ದಾರೆ, ಅದು ಬಯಲು. ಮುಚ್ಚಿದ ಕೋಣೆಯಲ್ಲಿ ಎಲೆ ಮೇಲೆ ಬೂಷ್ಟು ಕೂರುತ್ತದೆ.

ಕೃಷ್ಣಮೂರ್ತಿ: ನಮ್ಮ ಅಜ್ಜಿ ಇದನ್ನೇ ಮಾಡುತ್ತಿದ್ದರು. ಅವರು ಯಾವ ಕಾಲೇಜಿಗೂ ಹೋಗಿರಲಿಲ್ಲ.

ನರ್ಸರಿ ಮೇಡಂ: ನಿಮ್ಮ ಅಜ್ಜಿ ಮೂರನೇ ಮಹಡಿಯ ಬೆಡ್‌ರೂಮಿನಲ್ಲಿ ಮೆಣಸಿನಗಿಡ ಬೆಳೆಸಿದ್ದರೇ?

ಕೃಷ್ಣಮೂರ್ತಿ: ದೊಡ್ಡವರ ಬಗ್ಗೆ ಮಾತಾಡುವ ರೀತಿ ಇದಲ್ಲ. ಸಾವಿರಾರು ವರ್ಷದಿಂದ ಮೆಣಸಿನಕಾಯಿ ಬೆಳೆದ ನಾಡು ನಮ್ಮದು.

ರಶ್ಮಿ, ವಿಜಯನಗರ: ಸಾವಿರಾರು ವರ್ಷ ಬೆಳೆದದ್ದು ಕಾಳುಮೆಣಸು ಸರ್. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರು ತಂದದ್ದು. ಐನೂರು ವರ್ಷ ಆಗಿರಬಹುದು.

ಕೃಷ್ಣಮೂರ್ತಿ: ಅದೆಲ್ಲ ಅವರು ಬರೆದ ಇತಿಹಾಸ.

ಭಟ್ರು, ಶಿರಸಿ: ಹೆಸರಲ್ಲೇ ಇದೆಯಲ್ಲ. ಮೆಣಸಿನ ಹಾಗೆ ಖಾರ ಇರುವ ಕಾಯಿ, ಅದಕ್ಕೇ ಮೆಣಸಿನಕಾಯಿ. ನಮ್ಮದೇ ಆಗಿದ್ದರೆ ಸಾಲದ ಹೆಸರು ಯಾಕೆ?

ಗುರು, ಹಾವೇರಿ: ಮೊದಲನೇ ಸಲ ಭಟ್ರು ಬರೋಬ್ಬರಿ ಹೇಳಿದ್ರು.

ಅಡ್ಮಿನ್: ವಿಷಯಕ್ಕೆ ಬನ್ನಿ ದಯವಿಟ್ಟು.

ನವ್ಯ, ಮಿನಿಯಾಪೊಲಿಸ್: ಮೇಡಂ, ಇಲ್ಲಿ ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲು. ಮನೆಯಲ್ಲಿ ಹೀಟರ್ ಓಡುತ್ತಿರುತ್ತದೆ. ಚಳಿಗಾಲವಿಡೀ ಹಸಿಮೆಣಸಿನಕಾಯಿ ಬೇಕು. ಅಮ್ಮ ಬರುವಾಗ ಊರಿನ ಬೀಜ ತರಲು ಹೇಳಲೇ?

ನರ್ಸರಿ ಮೇಡಂ: ಸೂಟ್‌ಕೇಸಿನಲ್ಲಿ ಬೀಜ ಬೇಡ ನವ್ಯ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬಿಡುವುದಿಲ್ಲ. ಟೊಮ್ಯಾಟೊ, ಮೆಣಸಿನ ಬೀಜಕ್ಕಂತೂ ಒಂದು ವೈರಸ್ ಭಯದಿಂದ 2019ರಲ್ಲಿ ನಿಯಮ ಇನ್ನೂ ಬಿಗಿ ಮಾಡಿದರು. ಅಮ್ಮ ವಿಮಾನ ನಿಲ್ದಾಣದಲ್ಲಿ ಉತ್ತರ ಕೊಡುತ್ತಾ ನಿಲ್ಲುವುದು ಯಾಕೆ? ಜ್ವಾಲಾ ಬೀಜ ಅಲ್ಲೇ ಮಾರುತ್ತಾರೆ. ಜೊತೆಗೆ ಒಂದು ಕುಳ್ಳ ಥಾಯ್ ಮೆಣಸು ಹಾಕಿ, ಒಂದೂವರೆ ಅಡಿ ಗಿಡದಲ್ಲಿ ಮೇಲ್ಮುಖವಾಗಿ ಗೊಂಚಲು ಬಿಡುತ್ತದೆ.

ನಿಮ್ಮ ಕಡೆ ಕಿಟಕಿಯನ್ನು ನಂಬಬೇಡಿ, ಪೂರ್ತಿ ಲೈಟ್ ಮೇಲೆಯೇ ಬೆಳೆಸಿ. ಎಲೆ ತಣ್ಣಗಿನ ಗಾಜಿಗೆ ತಾಗಬಾರದು. ಹೀಟರಿನ ಒಣಗಾಳಿಗೆ ಕೆಂಪು ನುಸಿ ಬರುತ್ತದೆ. ಎಲೆ ಅಡಿಯಲ್ಲಿ ಸಣ್ಣ ಬಲೆ ಕಂಡರೆ ಗಿಡವನ್ನು ಬಚ್ಚಲಿಗೆ ಒಯ್ದು ಶವರ್ ಕೆಳಗೆ ಎಲೆ ಅಡಿ ತೊಳೆಯಿರಿ, ಮೂರು ದಿನಕ್ಕೊಮ್ಮೆ.

ಮಂಜುಳಾ: ನಮ್ಮ ಗಿಡದ ಹೂವೆಲ್ಲ ಉದುರುತ್ತಿದೆ ಮೇಡಂ. ಇಂಗು ಮಜ್ಜಿಗೆ ಹೊಡೆಯಲಾ?

ನರ್ಸರಿ ಮೇಡಂ: ಬೇಡ. ಒಳಗೆ ಗಾಳಿ ಇಲ್ಲ, ಹೂವು ಅಲುಗುವುದಿಲ್ಲ, ಪರಾಗ ಉದುರುವುದಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಹೂವಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಗೊಬ್ಬರ ಒಂದು ತಿಂಗಳು ನಿಲ್ಲಿಸಿ.

ಮಂಜುಳಾ: ಎಲೆಯೂ ಮುದುಡಿದೆ.

ನರ್ಸರಿ ಮೇಡಂ: ಮೇಲಕ್ಕೋ ಕೆಳಕ್ಕೋ? ಮೇಲಕ್ಕೆ ದೋಣಿಯಂತೆ ಮಡಚಿದರೆ ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಹುಳ. ಕೆಳಕ್ಕೆ ಮಡಚಿದರೆ ನುಸಿ. ಫೋಟೋ ಹಾಕಿ.

ಮಂಜುಳಾ: ಎರಡೂ ಥರ ಇದೆ ಮೇಡಂ.

ಹರೀಶ್: ಅಂಗಡಿ ಹಸಿಮೆಣಸಿನಕಾಯಿಯ ಬೀಜ ಹಾಕಿದರೆ ಬರುತ್ತಾ?

ನರ್ಸರಿ ಮೇಡಂ: ಹಸಿರು ಕಾಯಿಯ ಬೀಜ ಸಾಮಾನ್ಯವಾಗಿ ಬಲಿತಿರುವುದಿಲ್ಲ. ಬರುವುದು ಕಷ್ಟ.

ಶೋಭಾ: ಒಣ ಮೆಣಸಿನಕಾಯಿ ಬೀಜ?

ನರ್ಸರಿ ಮೇಡಂ: ಬಂದರೂ ಬರಬಹುದು. ಹೈಬ್ರಿಡ್ ಆಗಿದ್ದರೆ ತಾಯಿಯಂತೆ ಇರುವುದಿಲ್ಲ. ಬೀಜದ ಪ್ಯಾಕೆಟ್ ದುಬಾರಿಯೇನಲ್ಲ, ಕೊಳ್ಳಿ.

ವೆಂಕಟೇಶ್: ಹತ್ತು ರೂಪಾಯಿಗೆ ಹಿಡಿ ಮೆಣಸಿನಕಾಯಿ ಸಿಗುವಾಗ ಕರೆಂಟ್ ಉರಿಸಿ ಬೆಳೆಸುವುದು ಯಾವ ಬುದ್ಧಿ?

ರಶ್ಮಿ, ವಿಜಯನಗರ: ನಮ್ಮ ಕರೆಂಟ್, ನಮ್ಮ ಬಿಲ್ಲು. ನಿಮಗೆ ಇಷ್ಟವಿಲ್ಲದಿದ್ದರೆ ಈ ಗುಂಪಿನಲ್ಲಿ ಯಾಕಿದ್ದೀರಿ?

ವೆಂಕಟೇಶ್: ನನ್ನನ್ನು ಸೇರಿಸಿದ್ದು ಯಾರು ಅಂತ ನನಗೇ ಗೊತ್ತಿಲ್ಲ.

ಶೋಭಾ: ಕರಿಬೇವು ಚಿಗುರುತ್ತಿಲ್ಲ, ಯಾರಾದರೂ ಹೇಳಿ.

ಮೋಹನ್: ಒಳಗೆ ಬೆಳೆಸಲು ಬೆಸ್ಟ್ ತಳಿ ಯಾವುದು?

ನರ್ಸರಿ ಮೇಡಂ: ಮೇಲೆ.

ಮೋಹನ್: ಮೇಲೆ ಅಂದರೆ ತಾರಸಿಯಲ್ಲಾ?

ಕೃಷ್ಣಮೂರ್ತಿ: ಮೇಡಂಗೆ ಉತ್ತರ ಕೊಡಲು ಇಷ್ಟವಿಲ್ಲ ಅಂದರೆ ಹೇಳಲಿ. ಬಂದವರಿಗೆಲ್ಲ ಒಂದೊಂದು ಪದ ಎಸೆಯುತ್ತಿದ್ದಾರೆ.

ನರ್ಸರಿ ಮೇಡಂ: ಇಷ್ಟ ಇರುವುದರಿಂದಲೇ ಎರಡು ಗಂಟೆಯಿಂದ ಟೈಪ್ ಮಾಡುತ್ತಿದ್ದೇನೆ. ಅನ್ನ ತಣ್ಣಗಾಗಿದೆ. ಬೀಜ ಎಲ್ಲಿ ಅಂತ ಮೆಸೇಜಿನಲ್ಲಿ ಕೇಳಿದವರಿಗೆ: ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್ಆರ್‌ನಲ್ಲಿ ಅವರದೇ ಅರ್ಕಾ ತಳಿಗಳ ಬೀಜ ಸಿಗುತ್ತದೆ. ಖಾರ ಬೇಕಾದವರು ಅರ್ಕಾ ಲೋಹಿತ್ ಕೇಳಿ.

ಪ್ರವೀಣ್, ಎಲೆಕ್ಟ್ರಾನಿಕ್ ಸಿಟಿ: ಮೇಡಂ, ಹೆಂಡತಿ ನಿಮ್ಮ ಉತ್ತರ ಓದಿದಳು. ಓವನ್ ವಿಷಯ ಅವಳಿಗೆ ಇದುವರೆಗೆ ಹೇಳಿರಲಿಲ್ಲ. ಟ್ರೇ ಈಗ ಬಾಲ್ಕನಿಯ ಮೇಲಿನ ಶೆಲ್ಫಿಗೆ ಹೋಗಿದೆ. ಎತ್ತುವಾಗ ನೋಡಿದರೆ ಒಂದು ಮೊಳಕೆ ಬಂದಿದೆ! ರೀಪರೋ ಜೊಲೊಕಿಯಾನೋ ಗೊತ್ತಿಲ್ಲ. ಲೇಬಲ್ ಕಡ್ಡಿಗಳನ್ನೆಲ್ಲ ಮಗಳು ಕಿತ್ತುಹಾಕಿದ್ದಾಳೆ.

ನರ್ಸರಿ ಮೇಡಂ: ಯಾವಾಗ ಕಿತ್ತಳು?

ಪ್ರವೀಣ್, ಎಲೆಕ್ಟ್ರಾನಿಕ್ ಸಿಟಿ: ಅದೇ ಗೊತ್ತಿಲ್ಲ ಮೇಡಂ. ಮಂಚದ ಕೆಳಗೆ ಸಿಕ್ಕವು.