ಎಚ್‌ಪಿವಿ ಪಾಸಿಟಿವ್ ಬಂದಿದೆ, ಕಾಲ್ಪೋಸ್ಕೋಪಿ ಮಾಡಿಸಿ ಅಂದಿದ್ದಾರೆ, ಗೊತ್ತಿರೋರು ಸ್ವಲ್ಪ ಹೇಳಿ

ಸಂಪಿಗೆ:
ಎಲ್ಲರಿಗೂ ನಮಸ್ಕಾರ. ನಂಗೆ 38 ವರ್ಷ, ಏನೂ ತೊಂದ್ರೆ ಇರ್ಲಿಲ್ಲ, ಸುಮ್ನೆ ರೊಟೀನ್ ಚೆಕಪ್ ಅಂತ ಹೋಗಿದ್ದೆ, ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರಬಲ್ಲ ವೈರಸ್) ಪಾಸಿಟಿವ್ ಬಂತು, ಅದ್ರಲ್ಲೂ ಟೈಪ್ 16 ಅಂತ ಬರ್ದಿದ್ದಾರೆ. ಪ್ಯಾಪ್ ಸ್ಮಿಯರ್, ಅಂದ್ರೆ ಗರ್ಭಕಂಠದ ಜೀವಕೋಶದ ಟೆಸ್ಟ್, ನಾರ್ಮಲ್. ಡಾಕ್ಟ್ರು ಕಾಲ್ಪೋಸ್ಕೋಪಿ (ಗರ್ಭಕಂಠನ ದೊಡ್ಡದು ಮಾಡಿ ನೋಡೋ ಟೆಸ್ಟ್) ಮಾಡಿಸ್ಬೇಕು ಅಂದಾಗ ತಲೆಯಾಡಿಸ್ಕೊಂಡು ಎದ್ದು ಬಂದೆ, ಪ್ರಶ್ನೆಗಳೆಲ್ಲ ಈಗ ಬರ್ತಿವೆ. ಸ್ಮಿಯರ್ ನಾರ್ಮಲ್ ಇದ್ಮೇಲೆ ಇದು ಯಾಕೆ? ತುಂಬಾ ನೋವಾಗುತ್ತಾ, ಅರಿವಳಿಕೆ ಕೊಡ್ತಾರಾ? ಇನ್ನೊಂದು, ಇದು ಲೈಂಗಿಕ ಸಂಪರ್ಕದಿಂದ ಬರೋದು ಅಂತ ಓದಿದಾಗಿಂದ ನಮ್ಮೆಜಮಾನ್ರಿಗೆ ಹೇಗೆ ಹೇಳೋದು ಅಂತಾನೇ ಗೊತ್ತಾಗ್ತಿಲ್ಲ, ನಿದ್ದೆ ಬರ್ತಿಲ್ಲ.

ತುಂಬೆಹೂ:
ನಾನೂ ಮಾಡಿಸ್ಕೊಂಡಿದೀನಿ ಕಣ್ರೀ. ಸ್ಮಿಯರ್ ತೆಗೆಯುವಾಗ ಆಗೋ ಥರದ್ದೇ ಕಿರಿಕಿರಿ, ಸ್ವಲ್ಪ ಜಾಸ್ತಿ ಹೊತ್ತು ಅಷ್ಟೇ. ಬಯಾಪ್ಸಿಗೆ ಅಂತ ಸಣ್ಣ ತುಣುಕು ತಗೊಳ್ಳುವಾಗ ಚಿವುಟಿದ ಹಾಗೆ ಆಯ್ತು, ಆಮೇಲೆ ಮುಟ್ಟಿನ ಹೊಟ್ಟೆನೋವಿನ ಥರ ಸ್ವಲ್ಪ ಹೊತ್ತು ಇತ್ತು. ನಮ್ಮ ಗ್ರೂಪಿಗೆ ಹೊಸದಾಗಿ ಒಬ್ಬ ಡಾಕ್ಟರ್ ಸೇರಿದ್ದಾರೆ, ಕಾಲ್ಪೋಸ್ಕೋಪಿ ಮಾಡೋದು, ಅದ್ರ ಬಗ್ಗೆ ತಿಳಿಸಿ ಹೇಳೋದು ಎರಡೂ ಅವ್ರ ಕೆಲ್ಸ, ಕೆಳಗೆ ಟ್ಯಾಗ್ ಮಾಡಿದೀನಿ. ಮೇಡಂ, ಬಿಡುವಿದ್ದಾಗ ಇದನ್ನೊಂದು ನೋಡಿ.

ನೀಲಿಗೌನ್:
ಕರೆದಿದ್ದಕ್ಕೆ ಥ್ಯಾಂಕ್ಸ್. ಮೊದ್ಲು ನನ್ನ ಪರಿಚಯ. ನಾನು ಸ್ತ್ರೀರೋಗ ತಜ್ಞೆ, ತುಂಬಾ ವರ್ಷದಿಂದ ಕಾಲ್ಪೋಸ್ಕೋಪಿ ಕ್ಲಿನಿಕ್ ನೋಡ್ಕೋತಿದೀನಿ, ನರ್ಸ್‌ಗಳಿಗೂ ಹೆಣ್ಣುಮಕ್ಕಳ ಗುಂಪುಗಳಿಗೂ ಗರ್ಭಕಂಠದ ಆರೋಗ್ಯದ ಬಗ್ಗೆ ಕ್ಲಾಸ್ ತಗೋತೀನಿ. ಇಲ್ಲಿ ಯಾರಿಗೂ ಚಿಕಿತ್ಸೆ ಬರ್ದುಕೊಡಲ್ಲ, ಆದ್ರೆ ಆ ರೂಮೊಳಗೆ ಏನು ನಡೆಯುತ್ತೆ ಅಂತ ಮೊದ್ಲೇ ಗೊತ್ತಿದ್ದೋರು ಎಷ್ಟು ಸಮಾಧಾನವಾಗಿ ಬರ್ತಾರೆ ಅಂತ ನೋಡಿದೀನಿ, ಅದಕ್ಕೇ ಬರೀತಿದೀನಿ.

ಸಂಪಿಗೆ ಅವ್ರೇ, ಸ್ಮಿಯರ್‌ನಲ್ಲಿ ಕೆರೆದು ತೆಗೆದ ಒಂದಿಷ್ಟು ಜೀವಕೋಶ ಮಾತ್ರ ನೋಡೋದು, ಬದಲಾವಣೆ ಇದ್ರೂ ಅದ್ರಲ್ಲಿ ಸಿಗದೇ ಹೋಗ್ಬಹುದು. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು 70% ಗೆ ಎಚ್‌ಪಿವಿ 16 ಮತ್ತು 18 ಇವೆರಡೇ ಕಾರಣ, ಹಾಗಾಗಿ 16 ಬಂದ್ರೆ ಸ್ಮಿಯರ್ ಹೇಗೇ ಇರ್ಲಿ, ಕಣ್ಣಾರೆ ನೋಡ್ಬೇಕು ಅಂತೀವಿ. ನಿಮಗೆ ಕ್ಯಾನ್ಸರ್ ಇದೆ ಅಂತ ಇದ್ರ ಅರ್ಥ ಅಲ್ಲ.

ಕಾಲ್ಪೋಸ್ಕೋಪ್ ಅಂದ್ರೆ ಲೈಟ್ ಇರೋ, ದೊಡ್ಡದಾಗಿ ತೋರಿಸೋ ಸೂಕ್ಷ್ಮದರ್ಶಕ, ಅದು ಹೊರಗಡೆನೇ ನಿಂತಿರುತ್ತೆ, ಮೈಯೊಳಗೆ ಹೋಗೋದು ಸ್ಮಿಯರ್‌ಗೆ ಹಾಕೋ ಸ್ಪೆಕ್ಯುಲಮ್ ಮಾತ್ರ. 1925ರಲ್ಲಿ ಜರ್ಮನಿಯ ಹಾನ್ಸ್ ಹಿನ್ಸೆಲ್ಮನ್ ಶುರುಮಾಡಿದ್ದು, ಮೂಲ ವಿಧಾನ ಇವತ್ತಿಗೂ ಅದೇ. ಗರ್ಭಕೋಶದ ಬಾಯಿಗೆ 3 ರಿಂದ 5% ಅಸಿಟಿಕ್ ಆಸಿಡ್ ಹಚ್ಚಿ ಒಂದೆರಡು ನಿಮಿಷ ಕಾಯ್ತೀವಿ, ಸ್ವಲ್ಪ ಚುರುಗುಟ್ಟಬಹುದು, ಬದಲಾಗಿರೋ ಜಾಗ ಬೆಳ್ಳಗೆ ಎದ್ದು ಕಾಣುತ್ತೆ. ಆಮೇಲೆ ಅಯೋಡಿನ್, ಆರೋಗ್ಯವಾಗಿರೋ ಕೋಶದಲ್ಲಿ ಗ್ಲೈಕೋಜನ್ ಇರೋದ್ರಿಂದ ಅದು ಕಡು ಕಂದು ಬಣ್ಣಕ್ಕೆ ತಿರುಗುತ್ತೆ, ಅನುಮಾನದ ಜಾಗ ಹಳದಿಯಾಗೇ ಉಳಿಯುತ್ತೆ. ಬಿಳಿ ಕಂಡಿದ್ದೆಲ್ಲಾ ರೋಗ ಅಲ್ಲ, ಸೋಂಕು, ಗಾಯ ಮಾಯೋದು ಇವಕ್ಕೂ ಬೆಳ್ಳಗಾಗುತ್ತೆ, ಅದಕ್ಕೇ ಅಲ್ಲಿಂದ ಕೆಲವೇ ಮಿಲಿಮೀಟರ್ ತುಣುಕು ತೆಗೆದು ಲ್ಯಾಬಿಗೆ ಕಳಿಸ್ತೀವಿ. ಪೂರ್ತಿ ಅರಿವಳಿಕೆ ಸಾಮಾನ್ಯವಾಗಿ ಬೇಕಾಗಲ್ಲ, 10-20 ನಿಮಿಷದ ಕೆಲ್ಸ. ತುಂಬಾ ನೋವಾದ್ರೆ ನಿಲ್ಲಿಸಿ ಅನ್ನಿ, ನಿಲ್ಲಿಸ್ಲೇಬೇಕು.

ಸಿಐಎನ್ ಅಂದ್ರೆ ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ, 1 ಕಡಿಮೆ, 3 ಜಾಸ್ತಿ. ರಿಪೋರ್ಟಲ್ಲಿ ಸಿಐಎನ್ 1 ಅಂತಿದ್ರೆ ಬಹಳ ಸಲ ತಾನಾಗೇ ಹೋಗುತ್ತೆ, ಗಮನ ಇಟ್ಟು ನೋಡ್ತಿರ್ತೀವಿ. ಸಿಐಎನ್ 3 ಇದ್ರೆ ಆ ಭಾಗ ತೆಗೀತೀವಿ, 2 ಇದ್ರೂ ಹೆಚ್ಚಿನವರಿಗೆ ಹಾಗೇ. ರೋಗನಿರೋಧಕ ಶಕ್ತಿ ಚೆನ್ನಾಗಿರೋರಲ್ಲಿ ಈ ಬದಲಾವಣೆ ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತೆ, ಅಷ್ಟು ದೊಡ್ಡ ಅವಕಾಶ ಸಿಗೋ ಕಾಯಿಲೆ ಇದು, ಭಯಕ್ಕೆ ಬರದೇ ಉಳಿಯೋರನ್ನ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ.

ಎಜಮಾನ್ರ ವಿಷ್ಯ. ಈ ವೈರಸ್ ವರ್ಷಗಟ್ಲೆ ಸದ್ದಿಲ್ಲದೆ ಇರಬಲ್ಲದು, ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ಟೆಸ್ಟೂ ಹೇಳಲ್ಲ. ಲೈಂಗಿಕ ಜೀವನ ಇರೋ ಬಹುತೇಕ ಎಲ್ಲರಿಗೂ ಒಂದಲ್ಲ ಒಂದು ಸಲ ತಗುಲೇ ಇರುತ್ತೆ, ಹೆಚ್ಚಿನವರಿಗೆ ಎರಡು ವರ್ಷದೊಳಗೆ ತಾನಾಗೇ ಹೋಗುತ್ತೆ. ಪಾಸಿಟಿವ್ ಬಂತು ಅಂತ ಇಬ್ಬರಲ್ಲಿ ಯಾರ ಮೇಲೂ ಅನುಮಾನ ಪಡೋ ಹಾಗಿಲ್ಲ.

ಹೊಂಗೆಮರ:
ನಾನು ಗಂಡಸು, ಬರೀಬಹುದೋ ಇಲ್ವೋ ಗೊತ್ತಿಲ್ಲ. ನನ್ನ ಹೆಂಡ್ತಿಗೂ ಹೀಗೇ ಬಂದಾಗ ಅವಳು ನಂಗೆ ಹೇಳೋಕೆ ತುಂಬಾ ಹೆದರಿದ್ಲು. ಆಮೇಲೆ ಇಬ್ರೂ ಹೋಗಿ ಡಾಕ್ಟರ್ ಹತ್ರಾನೇ ಕೇಳಿದ್ವಿ, ಈಗ ನೀಲಿಗೌನ್ ಮೇಡಂ ಹೇಳಿದ ಮಾತನ್ನೇ ಅವ್ರೂ ಹೇಳಿದ್ರು, ನಮ್ಮಿಬ್ಬರ ಮಧ್ಯೆ ಆ ಪ್ರಶ್ನೆ ಅಲ್ಲಿಗೇ ಮುಗೀತು. ಸಾಧ್ಯ ಆದ್ರೆ ಅವ್ರನ್ನೂ ಜೊತೆಗೆ ಕರ್ಕೊಂಡು ಹೋಗಿ ಅಕ್ಕ.

ಸಂಪಿಗೆ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಇವತ್ತು ರಾತ್ರಿ ಅವ್ರ ಹತ್ರ ಮಾತಾಡ್ತೀನಿ. ಮೇಡಂ, ಮುಟ್ಟಿನ ಸಮಯದಲ್ಲಿ ಡೇಟ್ ಬಂದ್ರೆ ಏನ್ ಮಾಡೋದು? ಮೊದ್ಲೇ ಏನಾದ್ರೂ ತಯಾರಿ ಬೇಕಾ?

ನೀಲಿಗೌನ್:
ಜಾಸ್ತಿ ರಕ್ತ ಹೋಗೋ ದಿನ ಆದ್ರೆ ಫೋನ್ ಮಾಡಿ ಡೇಟ್ ಬದಲಾಯಿಸ್ಕೊಳ್ಳಿ, ಪೂರ್ತಿ ಕ್ಯಾನ್ಸಲ್ ಮಾತ್ರ ಮಾಡ್ಬೇಡಿ. ಹಿಂದಿನ ಒಂದೆರಡು ದಿನ ಸಂಪರ್ಕ ಬೇಡ, ಒಳಗೆ ಕ್ರೀಮ್ ಮಾತ್ರೆ ಏನೂ ಇಡ್ಬೇಡಿ. ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ, ಅಯೋಡಿನ್ ಅಲರ್ಜಿ ಇದ್ರೆ, ಬಸುರಿ ಇರಬಹುದು ಅನ್ನೋ ಅನುಮಾನ ಇದ್ರೆ ಮೊದ್ಲೇ ಹೇಳಿ, ಬಸುರಲ್ಲೂ ನೋಡಬಹುದು ಆದ್ರೆ ಕೆಲವು ಸ್ಯಾಂಪಲ್ ತೆಗೆಯಲ್ಲ. ಒಂದು ಪ್ಯಾಡ್ ತಗೊಂಡು ಹೋಗಿ. ಬಯಾಪ್ಸಿ ಆದ್ರೆ ಕೆಲವು ದಿನ ಕಪ್ಪು ಮಿಶ್ರಿತ ಸ್ರಾವ ಹೋಗುತ್ತೆ, ಅದು ರಕ್ತ ನಿಲ್ಲೋಕೆ ಹಚ್ಚಿದ ಔಷಧಿಯಿಂದ. ಜ್ವರ, ಕೆಟ್ಟ ವಾಸನೆ, ಮುಟ್ಟಿಗಿಂತ ಜಾಸ್ತಿ ರಕ್ತಸ್ರಾವ ಆದ್ರೆ ತಡ ಮಾಡದೆ ಹೋಗಿ. ಹೊರಡೋ ಮುಂಚೆ ರಿಪೋರ್ಟ್ ಯಾವಾಗ ಬರುತ್ತೆ, ಎಲ್ಲಾ ನಾರ್ಮಲ್ ಬಂದ್ರೂ ಮುಂದಿನ ಟೆಸ್ಟ್ ಯಾವಾಗ ಅನ್ನೋದನ್ನ ಕೇಳಿ ಚೀಟಿಯಲ್ಲಿ ಬರೆಸ್ಕೊಂಡೇ ಬನ್ನಿ.