ಹತ್ತು ಜನರ ಮುಕ್ತ ತಂತ್ರಾಂಶ ಯೋಜನೆಗೂ ನೀತಿ ಸಂಹಿತೆ ಬೇಕೇ?

ಅಲ್ಪವಿರಾಮ (ಪ್ರಶ್ನೆ)

ಸಿಎಸ್‌ವಿ ಕಡತಗಳನ್ನು (ಅಲ್ಪವಿರಾಮದಿಂದ ಬೇರ್ಪಡಿಸಿದ ಕೋಷ್ಟಕಗಳನ್ನು) ಓದುವ ಒಂದು ಚಿಕ್ಕ ಲೈಬ್ರರಿಯನ್ನು, ಅಂದರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಕೋಡನ್ನು, ಆರು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ನಾನು, ನನ್ನ ಗೆಳೆಯ, ಆಗಾಗ ಬಂದು ಕೈಜೋಡಿಸುವ ಏಳೆಂಟು ಜನ. ಸಂಬಳವಿಲ್ಲ, ಸಭೆಯಿಲ್ಲ, ನಿಯಮವೂ ಇಲ್ಲ. ಹೋದ ವಾರ ಯಾರೋ “ನಿಮ್ಮಲ್ಲಿ ನೀತಿ ಸಂಹಿತೆ ಏಕಿಲ್ಲ?” ಎಂದು ಯೋಜನೆಯ ಪುಟದಲ್ಲಿ ಒಂದು ಇಶ್ಯೂ (ಚರ್ಚೆಯ ನಮೂದು) ತೆರೆದರು. “ಇಲ್ಲಿ ಕೋಡ್ ಬರೆಯುತ್ತೇವೆ, ಸಂವಿಧಾನವನ್ನಲ್ಲ” ಎಂದು ಗೆಳೆಯ ಒಂದೇ ಸಾಲು ಬರೆದು ಅದನ್ನು ಮುಚ್ಚಿದ. ನನಗೂ ನಗು ಬಂತು. ನಗು ನಿಂತ ಮೇಲೆ ಎಂಟು ತಿಂಗಳ ಹಿಂದಿನದೊಂದು ನೆನಪಾಯಿತು.

ಕೆಲವು ಕಡತಗಳ ಮೊದಲಿಗೆ ಕಣ್ಣಿಗೆ ಕಾಣದ ಮೂರು ಬೈಟ್‌ಗಳು ಇರುತ್ತವೆ, ಬಿಒಎಂ ಎನ್ನುತ್ತಾರೆ. ಅವು ಮೊದಲ ಕಾಲಮ್ಮಿನ ಹೆಸರಿಗೆ ಅಂಟಿಕೊಳ್ಳುವುದರಿಂದ ಆ ಕಾಲಮ್ಮೇ ಇಲ್ಲ ಎಂದು ನಮ್ಮ ಲೈಬ್ರರಿ ಹೇಳುತ್ತದೆ. ಹೊಸಬರೊಬ್ಬರು ಅದನ್ನು ಸರಿಪಡಿಸಲು ಪ್ಯಾಚ್ (ಕೋಡಿನ ತಿದ್ದುಪಡಿ) ಕಳುಹಿಸಿದರು. ಆದರೆ ಆ ಮೂರು ಬೈಟ್‌ಗಳು ಬಿಒಎಂ ಹೌದೋ ಅಲ್ಲವೋ ಎಂದು ನೋಡದೆ, ಎಲ್ಲ ಕಡತಗಳಿಂದಲೂ ಕತ್ತರಿಸಿದ್ದರು. ಗೆಳೆಯ ಬರೆದ: “ಏನಿದೆ ಎಂದು ನೋಡದೆಯೇ ಕತ್ತರಿ ಆಡಿಸುವವರಿಗೆ ಕೋಡ್ ಬರೆಯಲು ಯಾರು ಹೇಳಿದರು? ಟೆಸ್ಟ್ ಓಡಿಸಿ ಕಳುಹಿಸುವಷ್ಟು ಸೌಜನ್ಯವೂ ಬೇಡವೇ?” ಹನ್ನೊಂದು ನಿಮಿಷಕ್ಕೆ ಅವರು “ಕ್ಷಮಿಸಿ” ಎಂದಷ್ಟೇ ಬರೆದು ಪ್ಯಾಚ್ ಹಿಂತೆಗೆದುಕೊಂಡರು. ಮತ್ತೆ ಬರಲಿಲ್ಲ. ಆ ಬಗ್ ಇವತ್ತಿಗೂ ಹಾಗೆಯೇ ಇದೆ.

ನಿನ್ನೆ, ಹಲವು ಯೋಜನೆಗಳು ಬಳಸುವ ಸಿದ್ಧ ನೀತಿ ಸಂಹಿತೆಯಾದ ಕಾಂಟ್ರಿಬ್ಯೂಟರ್ ಕವನೆಂಟ್‌ನ ಮಾದರಿ ಪಠ್ಯವನ್ನು ತೆರೆದು ನೋಡಿದೆ. ಒಳ್ಳೆಯ ಮಾತುಗಳೇ. ನಡುವೆ ಚೌಕ ಆವರಣದಲ್ಲಿ ಒಂದು ಖಾಲಿ ಜಾಗವಿದೆ, ದೂರು ಕೊಡಲು ಸಂಪರ್ಕ ಹೇಗೆ ಎಂಬುದನ್ನು ನಾವು ತುಂಬಬೇಕು. ಆ ಜಾಗವನ್ನು ತುಂಬದೆ, ಆವರಣವನ್ನೂ ತೆಗೆಯದೆ ಹಾಗೆಯೇ ಹಾಕಿಕೊಂಡ ಯೋಜನೆಗಳನ್ನು ನಾನೇ ಕಂಡಿದ್ದೇನೆ. ನಾನು ಅಲ್ಲಿ ಏನು ಬರೆಯಲಿ? ನಮ್ಮಷ್ಟು ಚಿಕ್ಕವರಿಗೆ ಇದೆಲ್ಲ ಬೇಕೇ, ಅಥವಾ ಬಾಗಿಲಿಗೆ ಕಟ್ಟುವ ತೋರಣವೇ?

ಹಳೆಯ ಟರ್ಮಿನಲ್

ತೋರಣವೇ. ಮೇಲಿಂಗ್ ಲಿಸ್ಟ್‌ಗಳ ಕಾಲದಿಂದ ಇದ್ದೇನೆ. ಬೈಗುಳ ತಿಂದಿದ್ದೇನೆ, ಬಡಿಸಿಯೂ ಇದ್ದೇನೆ. ನಿಮ್ಮ ಗೆಳೆಯರ ದನಿ ಗಡುಸು, ಆದರೆ ಹೇಳಿದ್ದರಲ್ಲಿ ತಪ್ಪೇನು? ಆ ಪ್ಯಾಚ್ ಒಳಗೆ ಬಂದಿದ್ದರೆ ಬಿಒಎಂ ಇಲ್ಲದ ಪ್ರತಿಯೊಂದು ಕಡತವೂ ಮೊದಲ ಮೂರು ಬೈಟ್ ಕಳೆದುಕೊಳ್ಳುತ್ತಿತ್ತು.

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಬರೆಯುವವರು 2015ರಲ್ಲಿ “ಕೋಡ್ ಆಫ್ ಕಾನ್‌ಫ್ಲಿಕ್ಟ್” ಎಂಬ ಚಿಕ್ಕ ಕಡತ ಇಟ್ಟುಕೊಂಡಿದ್ದರು. ನಿಮ್ಮ ಕೋಡನ್ನು ಟೀಕಿಸುತ್ತೇವೆ, ಅದಕ್ಕೆ ಸಿದ್ಧರಾಗಿ ಬನ್ನಿ, ವೈಯಕ್ತಿಕ ನಿಂದನೆಯಾದರೆ ತಿಳಿಸಿ ಎಂಬುದು ಅದರ ಸಾರ. ಪ್ರಾಮಾಣಿಕವಾಗಿತ್ತು. 2018ರ ಸೆಪ್ಟೆಂಬರಿನಲ್ಲಿ ಅದನ್ನು ತೆಗೆದು ನೀವು ಹೇಳುವ ಕವನೆಂಟನ್ನು ಆಧರಿಸಿದ ಪಠ್ಯ ತಂದರು. ಡೇಟಾಬೇಸ್ ತಂತ್ರಾಂಶ ಎಸ್‌ಕ್ಯೂಲೈಟ್‌ನವರಂತೂ ನೀತಿ ಸಂಹಿತೆಯ ಜಾಗದಲ್ಲಿ ಕ್ರೈಸ್ತ ಸಂತ ಬೆನೆಡಿಕ್ಟರ ಮಠದ ನಿಯಮಗಳನ್ನೇ ಹಾಕಿದರು, ಅದೇ ವರ್ಷ ಅದು ದೊಡ್ಡ ಗದ್ದಲವಾಯಿತು. ನನಗೆ ಆ ತಂತ್ರಾಂಶದ ಮೇಲಿನ ಗೌರವ ಇನ್ನಷ್ಟು ಹೆಚ್ಚಿತು.

ನನ್ನ ಹೆದರಿಕೆ ಬೇರೆ. ನಿಯಮ ಬಂತೆಂದರೆ ಅದನ್ನು ಓದಿ ಹೇಳುವವರು ಬರುತ್ತಾರೆ, ಒಂದು ಸಾಲು ಕೋಡ್ ಬರೆಯದವರು ತೀರ್ಪು ಬರೆಯಲು ಕೂರುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುತ್ತೀರಿ?

ಎರಡನೆಯ ಓದು

ನಾನು ಮಧ್ಯಮ ಗಾತ್ರದ ಒಂದು ಯೋಜನೆಯಲ್ಲಿ ಮೂರು ವರ್ಷ ದೂರುಗಳನ್ನು ಓದುವ ಕೆಲಸ ಮಾಡಿದ್ದೇನೆ. ಕೋಡ್ ಕೂಡ ಬರೆಯುತ್ತಿದ್ದೆ, ಹಳೆಯ ಟರ್ಮಿನಲ್ ಅವರ ಸಮಾಧಾನಕ್ಕೆ ಹೇಳುತ್ತಿದ್ದೇನೆ.

ಮೊದಲು ಎಸ್‌ಕ್ಯೂಲೈಟ್. ಅವರು ಹೊರಗಿನವರ ಪ್ಯಾಚ್‌ಗಳನ್ನು ಸಾಮಾನ್ಯವಾಗಿ ಸ್ವೀಕರಿಸುವುದೇ ಇಲ್ಲ. ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ಕೊಡುಗೆಗೆ ಬಾಗಿಲು ಮುಚ್ಚಿದೆ. ಮನೆಗೆ ನೆಂಟರೇ ಬಾರದವರಿಂದ ಅತಿಥಿ ಸತ್ಕಾರದ ಪಾಠ ಬೇಡ. ಆ ನಿಯಮಗಳ ಹೆಸರನ್ನೂ ಅವರು ಆಮೇಲೆ ಬದಲಿಸಿಕೊಂಡರು. ಕರ್ನಲ್‌ನ ಕಥೆಯಲ್ಲೂ ಅರ್ಧ ಬಿಟ್ಟಿದ್ದೀರಿ. ಹೊಸ ಪಠ್ಯ ಬಂದ ದಿನವೇ ಕರ್ನಲ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ತಮ್ಮ ಮಾತಿನ ರೀತಿಗೆ ಬಹಿರಂಗವಾಗಿ ಕ್ಷಮೆ ಕೇಳಿ ಕೆಲವು ವಾರ ಬಿಡುವು ಪಡೆದರು. ಅಷ್ಟು ವರ್ಷ ಬೈದು ಕೆಲಸ ತೆಗೆದವರೇ ಅದು ಸರಿಯಲ್ಲ ಎಂದ ಮೇಲೆ ನಾವು ಅವರ ಪರವಾಗಿ ವಾದಿಸುವುದೇಕೆ?

ಆದರೆ ಬೇಲಿಯ ಮಾತು ನಿಜ, ಅದನ್ನು ಕಣ್ಣಾರೆ ಕಂಡಿದ್ದೇವೆ. ರಸ್ಟ್ ಪ್ರೋಗ್ರಾಮಿಂಗ್ ಭಾಷೆಯ ಸಮುದಾಯಕ್ಕೆ ಮೊದಲಿನಿಂದಲೂ ನೀತಿ ಸಂಹಿತೆ ಇತ್ತು, ಅದನ್ನು ಜಾರಿಗೊಳಿಸುವ ತಂಡವೂ ಇತ್ತು. 2021ರ ನವೆಂಬರಿನಲ್ಲಿ ಆ ತಂಡವೇ ಒಟ್ಟಾಗಿ ರಾಜೀನಾಮೆ ಕೊಟ್ಟಿತು. ಮೇಲಿನ ಕೋರ್ ತಂಡ ಯಾರಿಗೂ ಉತ್ತರದಾಯಿಯಲ್ಲ, ಅವರ ಮೇಲೆ ನಿಯಮ ಜಾರಿ ಮಾಡಲು ನಮಗೆ ಆಗುತ್ತಿಲ್ಲ ಎಂಬುದು ಅವರ ಕಾರಣ. ನಿಮ್ಮ ಯೋಜನೆಯಲ್ಲಿ ಈ ಕೋರ್ ತಂಡವೆಂದರೆ ನೀವಿಬ್ಬರೇ. ಆ ಖಾಲಿ ಜಾಗದಲ್ಲಿ ನಿಮ್ಮದೇ ಮಿಂಚಂಚೆ ಹಾಕಿದರೆ, ಗೆಳೆಯನ ಮೇಲಿನ ದೂರು ಗೆಳೆಯನಿಗೇ ಹೋಗುತ್ತದೆ. ನಿಮ್ಮ ಮೇಲಿನದು ನಿಮಗೆ.

ಯೋಜನೆಯ ಹೊರಗಿನ, ನೀವಿಬ್ಬರೂ ನಂಬುವ ಮೂರನೆಯವರೊಬ್ಬರನ್ನು ಕೇಳಿ. ವರ್ಷಕ್ಕೆ ಒಂದು ಪತ್ರ ಬಂದರೆ ಹೆಚ್ಚು. ಕವನೆಂಟ್‌ನ ಎರಡನೆಯ ಆವೃತ್ತಿಯಲ್ಲಿ ನಾಲ್ಕು ಮೆಟ್ಟಿಲುಗಳಿವೆ: ತಿದ್ದುವುದು, ಎಚ್ಚರಿಸುವುದು, ಸ್ವಲ್ಪ ಕಾಲ ದೂರ ಇಡುವುದು, ಶಾಶ್ವತವಾಗಿ ಹೊರಗಿಡುವುದು. ನಾನು ನೋಡಿದ ದೂರುಗಳಲ್ಲಿ ಹೆಚ್ಚಿನವು ಮೊದಲ ಮೆಟ್ಟಿಲಲ್ಲೇ ಮುಗಿದವು, ಒಂದು ಖಾಸಗಿ ಪತ್ರದಲ್ಲಿ. ಸುದ್ದಿಯಾಗುವುದು ಮಾತ್ರ ನಾಲ್ಕನೆಯದು.

ಕೊನೆಗೆ ನನ್ನದೊಂದು ಪ್ರಶ್ನೆ. ಟೆಸ್ಟ್ ಓಡಿಸುವುದು ಹೇಗೆ ಎಂದು ನಿಮ್ಮ ರೀಡ್‌ಮಿಯಲ್ಲಿ (ಯೋಜನೆಯ ಪರಿಚಯ ಕಡತದಲ್ಲಿ) ಬರೆದಿದೆಯೇ?

ಒಂಟಿ ಸೆಮಿಕೋಲನ್

ಇಂತಹದೇ ಒಂದು ಟಿಪ್ಪಣಿ ಓದಿ ನಾನೂ ಒಂದು ಯೋಜನೆ ಬಿಟ್ಟವಳು. ಅಲ್ಲಿ ನೀತಿ ಸಂಹಿತೆ ಇತ್ತು, ಉದ್ದನೆಯದು. ಟಿಪ್ಪಣಿಯ ಕೆಳಗೆ ಇನ್ನಾರೂ ಏನೂ ಬರೆಯಲಿಲ್ಲ. “ಪ್ಯಾಚ್ ಸರಿಯಿಲ್ಲ, ಆದರೆ ಹೀಗೆ ಹೇಳಬೇಕಾಗಿರಲಿಲ್ಲ” ಎಂದು ಒಬ್ಬರು ಒಂದು ಸಾಲು ಹಾಕಿದ್ದರೆ ಉಳಿಯುತ್ತಿದ್ದೆನೇನೋ.

ರಾತ್ರಿ ಬಿಲ್ಡ್

ಎಲ್ಲರೂ ಹೊಸಬರ ಕಡೆಯಿಂದ ಮಾತನಾಡುತ್ತಿದ್ದೀರಿ. ನಿರ್ವಾಹಕರ ಮೇಲೆ ಬೀಳುವ ಬೈಗುಳಕ್ಕೂ ಇದೇ ಕಡತ ಬೇಕು. ಎಕ್ಸ್‌ಝಡ್ ಪ್ರಕರಣ ನೆನಪಿದೆಯಲ್ಲ. ಕಡತಗಳನ್ನು ಕುಗ್ಗಿಸುವ ತಂತ್ರಾಂಶ, ಒಬ್ಬರೇ ದಣಿದು ನಡೆಸುತ್ತಿದ್ದ ಯೋಜನೆ. 2022ರಲ್ಲಿ ಗುರುತಿಲ್ಲದ ಹೆಸರುಗಳಿಂದ ಸಾಲು ಸಾಲು ಪತ್ರಗಳು: ಇಷ್ಟು ನಿಧಾನವೇಕೆ, ಬೇರೆಯವರಿಗೆ ಬಿಟ್ಟುಕೊಡಬಾರದೇ ಎಂದು. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಬಿಡುವಿನಲ್ಲಿ ಸಂಬಳವಿಲ್ಲದೆ ಮಾಡುವ ಕೆಲಸ ಎಂದು ಅವರು ಬರೆದರೂ ಒತ್ತಡ ನಿಲ್ಲಲಿಲ್ಲ. ಕಡೆಗೆ ಸಹಾಯಕ್ಕೆ ಬಂದಿದ್ದ “ಒಳ್ಳೆಯ” ಕೊಡುಗೆದಾರನಿಗೆ ಅಧಿಕಾರ ಸಿಕ್ಕಿತು, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಕದ್ದು ಒಳನುಗ್ಗುವ ದಾರಿ) ಬಂದು ಕೂತಿತು. 2024ರ ಮಾರ್ಚ್‌ನಲ್ಲಿ ಸಿಕ್ಕಿದ್ದು, ಎಸ್‌ಎಸ್‌ಎಚ್ ಲಾಗಿನ್ (ದೂರದ ಕಂಪ್ಯೂಟರಿಗೆ ಪ್ರವೇಶ) ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಒಬ್ಬ ಎಂಜಿನಿಯರ್ ಬೆನ್ನು ಹತ್ತಿದ್ದರಿಂದ. ಆ ಹಿಂಬಾಗಿಲನ್ನು ನೀತಿ ಸಂಹಿತೆ ತಡೆಯುತ್ತಿತ್ತು ಎಂದು ನಾನು ಹೇಳುತ್ತಿಲ್ಲ. “ಇಲ್ಲಿ ಹೀಗೆ ಮಾತನಾಡುವಂತಿಲ್ಲ” ಎಂದು ಹೇಳಿ ಆ ಪತ್ರಗಳ ಬಾಯಿ ಮುಚ್ಚಿಸಲು ಅವರ ಪಕ್ಕದಲ್ಲಿ ಒಬ್ಬರು ನಿಲ್ಲಬಹುದಿತ್ತು, ಅಷ್ಟೇ.

ಹಳೆಯ ಟರ್ಮಿನಲ್

ಎಕ್ಸ್‌ಝಡ್ ವಿಷಯ ಒಪ್ಪಿದೆ. ಬೆನೆಡಿಕ್ಟರನ್ನು ಬಿಟ್ಟುಕೊಡುವುದಿಲ್ಲ. ಹಾಕುವುದಾದರೆ ಚಿಕ್ಕದಾಗಿ ಹಾಕಿ, ಓದಿ ಮುಗಿಸುವಷ್ಟು.

ಅಲ್ಪವಿರಾಮ

ಎರಡನೆಯ ಓದು ಅವರೇ, ನಿಮ್ಮ ಪ್ರಶ್ನೆ ಓದಿ ರೀಡ್‌ಮಿ ತೆರೆದೆ. ಟೆಸ್ಟ್ ಬಗ್ಗೆ ಒಂದಕ್ಷರವೂ ಇಲ್ಲ. ಓಡಿಸುವ ಆಜ್ಞೆ ನನಗೂ ಗೆಳೆಯನಿಗೂ ಬಾಯಿಪಾಠ, ಹಾಗಾಗಿ ಬರೆಯಬೇಕೆಂದು ಇಬ್ಬರಿಗೂ ಹೊಳೆದೇ ಇಲ್ಲ. ಯಾವ ಸೌಜನ್ಯ ಇಲ್ಲವೆಂದು ಅವರನ್ನು ಜರೆದೆವೋ ಅದನ್ನು ತೋರಿಸಲು ಅವರಿಗೆ ದಾರಿಯೇ ಇರಲಿಲ್ಲ.

ಜರೆದೆವು ಎಂದು ಬಹುವಚನದಲ್ಲಿ ಬರೆದದ್ದು ಬೇಕೆಂದೇ. ಒಂಟಿ ಸೆಮಿಕೋಲನ್ ಅವರ ಮಾತು ಓದಿ ಆ ಹಳೆಯ ಟಿಪ್ಪಣಿಗೆ ಹೋದೆ. ಅದರ ಕೆಳಗೆ ಮೆಚ್ಚುಗೆ ಸೂಚಿಸುವ ಒಂದು ಹೆಬ್ಬೆರಳಿನ ಗುರುತಿದೆ. ಒತ್ತಿದ್ದು ನಾನೇ, ಮರೆತುಬಿಟ್ಟಿದ್ದೆ. ತಾಂತ್ರಿಕವಾಗಿ ಸರಿಯಿದೆ ಎಂದು ಒತ್ತಿರಬೇಕು. ಓದಿದವರಿಗೆ ಅದು ಹಾಗೆ ಕಂಡಿರಲಾರದು.

ಗೆಳೆಯನಿಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆ ಮಾತಾಯಿತು, ಅದರಲ್ಲಿ ಅರ್ಧ ಜಗಳ. ಸಂಹಿತೆ ಬೇಡವೆಂಬ ಅಭಿಪ್ರಾಯ ಅವನದು ಈಗಲೂ ಬದಲಾಗಿಲ್ಲ, ಆದರೆ ಹೊರಗಿನ ಒಬ್ಬರ ವಿಳಾಸ ಹಾಕುವುದಕ್ಕೆ ಅಡ್ಡ ಬರುವುದಿಲ್ಲ ಎಂದ. ಹಿಂದೆ ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರನ್ನು ಕೇಳಿದ್ದೇನೆ, “ನಿಮ್ಮಿಬ್ಬರ ಮೇಲೆ ದೂರು ಬಂದರೆ ಸಂತೋಷದಿಂದ ಓದುತ್ತೇನೆ” ಎಂದು ಬರೆದರು. ಅವರ ಉತ್ಸಾಹ ನೋಡಿ ಸ್ವಲ್ಪ ದಿಗಿಲೂ ಆಯಿತು.

ರೀಡ್‌ಮಿಗೆ ಟೆಸ್ಟ್ ಓಡಿಸುವ ಆಜ್ಞೆಯನ್ನು ಇವತ್ತು ಬೆಳಿಗ್ಗೆ ಸೇರಿಸಿದೆ. ಎಂಟು ತಿಂಗಳ ಹಿಂದಿನ ಆ ಪ್ಯಾಚ್‌ನ ಕೆಳಗೂ ಬರೆದಿದ್ದೇನೆ: ಬಿಒಎಂ ಇದ್ದರೆ ಮಾತ್ರ ಕತ್ತರಿಸುವಂತೆ ಒಂದು ಷರತ್ತು ಸೇರಿಸಿದರೆ ಇದು ಸರಿಹೋಗುತ್ತದೆ, ಅಂದು ನಾವು ಹೀಗೆ ಹೇಳಬೇಕಿತ್ತು, ಹೇಳಲಿಲ್ಲ, ತಪ್ಪಾಯಿತು ಎಂದು. ಹೆಬ್ಬೆರಳನ್ನು ತೆಗೆದಿಲ್ಲ. ಉತ್ತರ ಇನ್ನೂ ಬಂದಿಲ್ಲ. ಒಂದು ತಿಂಗಳು ಕಾಯುತ್ತೇನೆ. ಆಮೇಲೆ ಆ ಷರತ್ತನ್ನು ನಾನೇ ಬರೆದು, ಕಮಿಟ್‌ನಲ್ಲಿ (ಬದಲಾವಣೆಯ ದಾಖಲೆಯಲ್ಲಿ) ಮೊದಲು ಅವರ ಹೆಸರು ಹಾಕುತ್ತೇನೆ.